ಟ್ರಿಪ್ ಆಗುವ ಸ್ವಿಚ್ಚನ್ನು ಬೈಯಬೇಡಿ

ಮಳೆಗಾಲ ಶುರುವಾದರೆ ಎಷ್ಟೋ ಮನೆಗಳಲ್ಲಿ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್, ಪದೇಪದೇ ಬೀಳುತ್ತದೆ. ಕಿರಿಕಿರಿ ತಾಳಲಾರದೆ, ಅದನ್ನು ತೆಗೆದು ನೇರ ಲೈನ್ ಕೊಡಿ ಎಂದು ಎಲೆಕ್ಟ್ರಿಷಿಯನ್‌ಗೆ ಹೇಳುವವರಿದ್ದಾರೆ. ದಯವಿಟ್ಟು ಹಾಗೆ ಮಾಡಿಸಬೇಡಿ. ಫೇಸ್‌ನಲ್ಲಿ ಹೋದಷ್ಟೇ ಕರೆಂಟು ನ್ಯೂಟ್ರಲ್‌ನಲ್ಲಿ ಮರಳಿತೇ ಎಂದು ಅದು ಸದಾ ತಾಳೆ ನೋಡುತ್ತಿರುತ್ತದೆ. ಮನೆಬಳಕೆಯದಾದರೆ, ಸೋರಿಕೆ 30 ಮಿಲಿಆಂಪಿಯರ್ ಮುಟ್ಟುವಷ್ಟರಲ್ಲಿ ಸಂಪರ್ಕ ಕಡಿಯುತ್ತದೆ. ಲೋಡ್ ಮಿತಿಮೀರಿದಾಗ ಬೀಳುವ ಎಂಸಿಬಿ ಈ ಕೆಲಸ ಮಾಡುವುದಿಲ್ಲ. ಅದು ಕಾಯುವುದು ವೈರನ್ನು, ನಿಮ್ಮನ್ನಲ್ಲ.

ಸೋರಿಕೆ ಎಲ್ಲಿದೆ ಎಂದು ಹುಡುಕಬೇಕೇ? ಎಲ್ಲ ಪ್ಲಗ್‌ಗಳನ್ನೂ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು, ನ್ಯೂಟ್ರಲ್ ಅಂಟಿಕೊಂಡೇ ಇರುತ್ತದೆ. ಎಂಸಿಬಿಗಳನ್ನು ಇಳಿಸಿ, ಆರ್‌ಸಿಸಿಬಿ ಎತ್ತಿ, ಆಮೇಲೆ ಒಂದೊಂದೇ ಎಂಸಿಬಿ, ಒಂದೊಂದೇ ಪ್ಲಗ್. ಯಾವುದಕ್ಕೆ ಬಿತ್ತೋ ಅಲ್ಲಿ ದೋಷ. ಗೀಸರ್ ಕಾಯಿಲ್, ನೀರು ಹೊಕ್ಕ ಹೊರಗಿನ ಸಾಕೆಟ್, ಸಂಪಿನ ಮೋಟಾರು, ಇವುಗಳ ಮೇಲೆ ಮೊದಲು ಅನುಮಾನಪಡಿ. ಏನೂ ಹಾಕದೆಯೂ ಬೀಳುತ್ತಿದ್ದರೆ ವೈರಿಂಗ್‌ನಲ್ಲೇ ತೊಂದರೆ. ಅದು ಲೈಸೆನ್ಸ್ ಇರುವವರ ಕೆಲಸ, ನೀವು ಕೈಹಾಕಬೇಡಿ.

ಆರ್‌ಸಿಸಿಬಿ ಜೊತೆಗೆ ಅರ್ಥಿಂಗ್ ಕಡೆಗೂ ಗಮನವಿರಲಿ. ಮೂರು ರಂಧ್ರದ ಸಾಕೆಟ್ ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಎಂದಲ್ಲ. ಮೇಲಿನ ದಪ್ಪ ರಂಧ್ರಕ್ಕೆ ಹಸಿರು ವೈರು ಬಂದಿದೆಯೇ, ಅದು ಅರ್ಥ್ ಗುಂಡಿಯವರೆಗೂ ಮುಟ್ಟಿದೆಯೇ ಎಂದು ಪರೀಕ್ಷೆ ಮಾಡಿಸಿ. ಕೆಲವರು ಅರ್ಥನ್ನು ಸಾಕೆಟ್ಟಿನಲ್ಲೇ ನ್ಯೂಟ್ರಲ್‌ಗೆ ಜೋಡಿಸಿಬಿಡುತ್ತಾರೆ. ನ್ಯೂಟ್ರಲ್ ಕಡಿದುಹೋದ ದಿನ ಫ್ರಿಜ್ಜಿನ ಮೈಗೆಲ್ಲ 230 ವೋಲ್ಟ್ ಬರುತ್ತದೆ. ಜೀವ ತೆಗೆಯುವ ಕೆಲಸ ಅದು.

ಆರ್‌ಸಿಸಿಬಿ ಮೇಲಿನ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ತಕ್ಷಣ ಬೀಳದಿದ್ದರೆ ಅವತ್ತೇ ಹೊಸದು ಹಾಕಿಸಿ.