ಡಬ್ಬಿಯ ಮೇಲಿನ ಹುಡುಗ

ಜ್ಯೇಷ್ಠ ಮಾಸದ ಹುಣ್ಣಿಮೆ ಬಂತೆಂದರೆ ಉತ್ತರ ಕರ್ನಾಟಕದ ಒಕ್ಕಲಿಗರ ಮನೆಗಳಲ್ಲಿ ಸಡಗರವೋ ಸಡಗರ. ಅದು ಕಾರಹುಣ್ಣಿಮೆ, ಎತ್ತುಗಳ ಹಬ್ಬ. ಅಂದು ಎತ್ತಿನ ಹೆಗಲ ಮೇಲೆ ನೊಗವಿಲ್ಲ. ಮೈತೊಳೆದು, ಹೊಸ ಹಗ್ಗ ಹಾಕಿ, ಕೊಂಬುಗಳಿಗೆ ಬಣ್ಣ ಬಳಿದು ಮೆರವಣಿಗೆ ಮಾಡಿಸುವುದು ರೂಢಿ. ಹಿಂದೆ ಕೆಮ್ಮಣ್ಣಿನ ಹುರಮಂಜೇ ಈ ಬಣ್ಣವಾಗಿತ್ತು. ಕಾಲ ಕಳೆದಂತೆ ಅಂಗಡಿಯ ಎಣ್ಣೆಬಣ್ಣ ಅದರ ಜಾಗಕ್ಕೆ ಬಂದಿತು.

ಅರವತ್ತು ವರ್ಷಗಳ ಹಿಂದಿನ ಒಂದು ಕಾರಹುಣ್ಣಿಮೆಯನ್ನು ಕಲ್ಪಿಸಿಕೊಳ್ಳೋಣ. ಊರು, ಅಂದು ಧಾರವಾಡ ಜಿಲ್ಲೆಗೂ 1997ರಿಂದ ಹಾವೇರಿ ಜಿಲ್ಲೆಗೂ ಸೇರಿದ ಹಿರೇಕೆರೂರು ತಾಲ್ಲೂಕಿನ ಹಂಸಭಾವಿ. ಎತ್ತುಗಳ ಮೈ ತೊಳೆಯುತ್ತಿರುವ ಅಜ್ಜನು ಮೊಮ್ಮಗನನ್ನು ಕರೆದು ಕೈಗೆ ನಾಲ್ಕಾಣೆ ಕೊಟ್ಟು, “ತಮ್ಮಾ, ಓಡಿಹೋಗಿ ಪೇಂಟಿನ ಡಬ್ಬಿ ತೊಗೊಂಡ್ ಬಾ. ಕುಂಚ ಹಿಡದ ಹುಡುಗನ ಚಿತ್ರ ಇರಬೇಕು ನೋಡು. ಬ್ಯಾರೇದು ಕೊಟ್ರ ಬ್ಯಾಡನ್ನು” ಎನ್ನುತ್ತಾನೆ. ಅಜ್ಜನಿಗೆ ಓದು ಬಾರದು. ಮೊಮ್ಮಗ ಇನ್ನೂ ಅಕ್ಷರ ತಿದ್ದುತ್ತಿದ್ದಾನೆ. ಆದರೂ ಸಾಮಾನು ತಪ್ಪುವುದಿಲ್ಲ. ಡಬ್ಬಿಯ ಮೇಲಿನ ಹುಡುಗ ಇಬ್ಬರಿಗೂ ಗುರುತಿನವನು.

ಈ ಸಣ್ಣ ಘಟನೆಯಲ್ಲಿ ಒಂದು ದೊಡ್ಡ ಸಂಗತಿ ಅಡಗಿದೆ. 1951ರ ಜನಗಣತಿಯ ವೇಳೆಗೆ ನಮ್ಮ ದೇಶದಲ್ಲಿ ನೂರರಲ್ಲಿ ಸುಮಾರು ಹದಿನೆಂಟು ಮಂದಿಗೆ ಮಾತ್ರ ಓದುಬರಹ ಬರುತ್ತಿತ್ತು. ಅದೇ ವರ್ಷ ಆರಂಭವಾದ ಮೊದಲ ಮಹಾಚುನಾವಣೆಯಲ್ಲಿ ಪಕ್ಷಗಳಿಗೆ ಚಿತ್ರರೂಪದ ಗುರುತುಗಳನ್ನು ಕೊಟ್ಟದ್ದು ಈ ಕಾರಣದಿಂದಲೇ. ಮತದಾರನಿಗೆ ಒಪ್ಪಿದ ಮಾತು ಗಿರಾಕಿಗೂ ಒಪ್ಪುತ್ತದೆ. ಆದರೆ ಚುನಾವಣೆಯ ಗುರುತಿಗೂ ಡಬ್ಬಿಯ ಮೇಲಿನ ಹುಡುಗನಿಗೂ ಒಂದು ಭೇದವುಂಟು. ಗುರುತು ‘ಇದು ಯಾರದು’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಆ ಹುಡುಗನಾದರೋ ನಮ್ಮ ಕಡೆಗೆ ನೋಡಿ ನಗುತ್ತಾನೆ. ಅವನಿಗೆ ಒಂದು ಸ್ವಭಾವವಿದೆ, ಒಂದು ಹೆಸರೂ ಇದೆ. ಸರಕಿನ ಪರವಾಗಿ ಜನರ ಮುಂದೆ ನಿಲ್ಲುವ ಇಂಥ ಚಿತ್ರಪಾತ್ರವನ್ನು ಜಾಹೀರಾತಿನವರು ‘ಮ್ಯಾಸ್ಕಾಟ್’ ಎಂದು ಕರೆಯುತ್ತಾರೆ. ಈ ಮಾತು ಫ್ರೆಂಚ್ ಭಾಷೆಯಿಂದ ಬಂದದ್ದು. ಅದೃಷ್ಟ ತರುವ ವಸ್ತು ಎಂಬುದು ಅದರ ಹಳೆಯ ಅರ್ಥ. ನಮ್ಮಲ್ಲಿ ಹೊಸ ಮನೆಯ ಮುಂದೆ ಕಟ್ಟುವ ದೃಷ್ಟಿಗೊಂಬೆಗೆ ಇದು ದೂರದ ನಂಟ ಎನ್ನಬಹುದೇನೋ!

ಆ ಹುಡುಗನ ಹೆಸರು ಗಟ್ಟು. ಏಷ್ಯನ್ ಪೇಂಟ್ಸ್ ಎಂಬ ಬಣ್ಣದ ಕಂಪನಿಯು 1942ರಲ್ಲಿ ಮುಂಬಯಿಯ ಒಂದು ಗ್ಯಾರೇಜಿನಲ್ಲಿ, ನಾಲ್ವರು ಗೆಳೆಯರ ಸಾಹಸದಿಂದ ಆರಂಭವಾಯಿತು. ನಗರದ ದೊಡ್ಡ ಮಾರುಕಟ್ಟೆಯೆಲ್ಲ ಆಗ ವಿದೇಶಿ ಕಂಪನಿಗಳ ಕೈಯಲ್ಲಿತ್ತು. ಆದ್ದರಿಂದ ಹೊಸಬರು ಹಳ್ಳಿಯ ದಾರಿ ಹಿಡಿದರು. ಮಹಾರಾಷ್ಟ್ರದ ರೈತರು ‘ಪೋಳಾ’ ಹಬ್ಬದಲ್ಲಿ ಎತ್ತಿನ ಕೊಂಬುಗಳಿಗೆ ಬಣ್ಣ ಬಳಿಯುವುದನ್ನು ಅವರು ಗಮನಿಸಿದರು. ಕೊಂಬಿಗೆ ಎಷ್ಟು ಬಣ್ಣ ಬೇಕು? ಒಂದು ಬೊಗಸೆಯೂ ಬೇಡ. ದೊಡ್ಡ ಡಬ್ಬಿಯನ್ನು ಕೊಳ್ಳಲಾರದ ರೈತನಿಗಾಗಿ ಪುಟ್ಟ ಡಬ್ಬಿಗಳು ಸಿದ್ಧವಾದವು. ಕಂಪನಿಯ ಏಳಿಗೆಗೆ ಬಸವಣ್ಣನ ಕೊಂಬೇ ಮೊದಲ ಮೆಟ್ಟಿಲಾಯಿತು ಎಂದರೆ ಅತಿಶಯೋಕ್ತಿಯಾಗದು.

1954ರಲ್ಲಿ ಈ ಕಂಪನಿಗಾಗಿ ಹುಡುಗನ ಚಿತ್ರವನ್ನು ಬರೆದುಕೊಟ್ಟವರು ಆರ್.ಕೆ. ಲಕ್ಷ್ಮಣ್. ಅವರು ಹುಟ್ಟಿದ್ದು 1921ರಲ್ಲಿ, ಮೈಸೂರಿನಲ್ಲಿ. ತಂದೆ ಶಾಲೆಯ ಮುಖ್ಯೋಪಾಧ್ಯಾಯರು, ಅಣ್ಣ ಆರ್.ಕೆ. ನಾರಾಯಣ್ ಮುಂದೆ ಹೆಸರಾಂತ ಕಾದಂಬರಿಕಾರರಾದರು. ಬಾಲಕ ಲಕ್ಷ್ಮಣರಿಗೆ ಕಾಗದ ಸಾಲದು. ಮನೆಯ ನೆಲ, ಗೋಡೆ, ಬಾಗಿಲುಗಳೆಲ್ಲ ಅವರ ಚಿತ್ರಗಳಿಂದ ತುಂಬುತ್ತಿದ್ದವು. ಶಾಲೆಯಲ್ಲಿ ಅವರು ಬರೆದ ಅರಳಿ ಎಲೆಯೊಂದನ್ನು ಉಪಾಧ್ಯಾಯರು ಮೆಚ್ಚಿಕೊಂಡರು. ಅಂದಿನಿಂದ ಆ ಹುಡುಗ ತನ್ನನ್ನು ಕಲಾವಿದನೆಂದೇ ಭಾವಿಸತೊಡಗಿದ. ಮುಂದೆ ಮುಂಬಯಿಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದಾಗ, ಅಲ್ಲಿ ಸೇರಲು ತಕ್ಕ ಪ್ರತಿಭೆ ಈತನ ಚಿತ್ರಗಳಲ್ಲಿಲ್ಲವೆಂಬ ಉತ್ತರ ಬಂದಿತು! ಲಕ್ಷ್ಮಣರು ಎದೆಗುಂದಲಿಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದುತ್ತ, ಅಣ್ಣನ ಕಥೆಗಳಿಗೆ ಚಿತ್ರ ಬರೆದರು. ರಾಶಿಯವರ ‘ಕೊರವಂಜಿ’ ಎಂಬ ಕನ್ನಡ ಹಾಸ್ಯಪತ್ರಿಕೆಗೂ ವ್ಯಂಗ್ಯಚಿತ್ರಗಳನ್ನು ಕೊಟ್ಟರು. 1951ರಲ್ಲಿ ಮುಂಬಯಿಯ ‘ಟೈಮ್ಸ್ ಆಫ್ ಇಂಡಿಯಾ’ ಪತ್ರಿಕೆಯಲ್ಲಿ ಅವರ ‘ಶ್ರೀಸಾಮಾನ್ಯ’ ಕಾಣಿಸಿಕೊಂಡ. ಅದಾದ ಮೂರು ವರ್ಷಕ್ಕೆ ಬಂದವನು ಈ ಬಣ್ಣದ ಹುಡುಗ.

ಅವನ ರೂಪವನ್ನು ನೋಡಿ. ಹಣೆಯ ಮೇಲೆ ಇಳಿಬಿದ್ದ ಕೂದಲು, ಕಣ್ಣಲ್ಲಿ ತುಂಟತನ, ಒಂದು ಕೈಯಲ್ಲಿ ಬಣ್ಣದ ಡಬ್ಬಿ, ಇನ್ನೊಂದರಲ್ಲಿ ಬಣ್ಣ ತೊಟ್ಟಿಕ್ಕುವ ಕುಂಚ. ಈಗಷ್ಟೇ ಯಾರದೋ ಗೋಡೆಯನ್ನು ಕೆಡಿಸಿ ಬಂದಿರಬೇಕು, ಇಲ್ಲವೇ ಕೆಡಿಸಲು ಹೊರಟಿರಬೇಕು! ಬಣ್ಣ ಮಾರುವವರು ಸಾಮಾನ್ಯವಾಗಿ ಏನು ಮಾಡುತ್ತಿದ್ದರು? ಥಳಥಳಿಸುವ ಬಂಗಲೆಯನ್ನೋ, ಕೈಕಟ್ಟಿ ನಿಂತ ಧನಿಕನನ್ನೋ ಚಿತ್ರಿಸುತ್ತಿದ್ದರು. ಲಕ್ಷ್ಮಣರು ಆರಿಸಿಕೊಂಡದ್ದು ಗೋಡೆಗಳ ಶತ್ರುವಾದ ಪೋರನನ್ನು. ತಮ್ಮ ಮೈಸೂರಿನ ಮನೆಯ ಗೋಡೆಗಳು ಅವರಿಗೆ ನೆನಪಾದವೋ ಇಲ್ಲವೋ, ಓದುಗರಿಗಂತೂ ನೆನಪಾಗದೆ ಇರದು.

ಹುಡುಗ ಹುಟ್ಟಿದಾಗ ಅವನಿಗೆ ಹೆಸರಿರಲಿಲ್ಲ. ಹೆಸರು ಸೂಚಿಸಿರೆಂದು ಕಂಪನಿಯು ಜನರನ್ನೇ ಕೇಳಿತು. 500 ರೂಪಾಯಿಗಳ ಬಹುಮಾನವನ್ನೂ ಇಟ್ಟಿತು. ನಲವತ್ತೇಳು ಸಾವಿರಕ್ಕೂ ಹೆಚ್ಚು ಉತ್ತರಗಳು ಬಂದವು. ಮುಂಬಯಿಯ ಇಬ್ಬರು ಬೇರೆಬೇರೆಯಾಗಿಯೇ ಸೂಚಿಸಿದ್ದ ‘ಗಟ್ಟು’ ಎಂಬ ಹೆಸರು ಆಯ್ಕೆಯಾಯಿತು. ಬಹುಮಾನ ಗೆದ್ದವರು ಇಬ್ಬರೇ ಆದರೂ, ಹೆಸರಿಡಲು ಕುಳಿತ ಸಾವಿರಾರು ಮಂದಿಗೆ ಆ ಹುಡುಗ ತಮ್ಮ ಮನೆಯವನೇ ಆದ. ಹೆಸರಿನ ಮಹಿಮೆ ಹಂಸಭಾವಿಯ ಸುತ್ತಿನವರಿಗೆ ಹೊಸದಲ್ಲ. ದೀಪಾವಳಿಯ ಅನಂತರ ಈ ಭಾಗದಲ್ಲಿ ಹೋರಿ ಬೆದರಿಸುವ ಸ್ಪರ್ಧೆಗಳು ನಡೆಯುತ್ತವೆ. ಕೊರಳಿಗೆ ಕೊಬ್ಬರಿಯ ಹಾರ ಧರಿಸಿ ಜನರ ನಡುವೆ ನುಗ್ಗುವ ಪ್ರತಿಯೊಂದು ಹೋರಿಗೂ ಒಂದು ಹೆಸರುಂಟು, ಆ ಹೆಸರಿಗೆ ಅಭಿಮಾನಿಗಳೂ ಉಂಟು. ಅದರ ಬೆಲೆ ಎಷ್ಟೆಂಬುದನ್ನು ಜನ ಮರೆಯುತ್ತಾರೆ. ಅದು ಯಾವ ವರ್ಷ ಯಾರ ಕೈಗೂ ಸಿಗದೆ ಹೇಗೆ ಓಡಿತು ಎಂಬುದನ್ನು ಮರೆಯುವುದಿಲ್ಲ.

ಇನ್ನೊಂದು ವಿಶೇಷ: ಗಟ್ಟು ಬಾಯಿ ಬಿಟ್ಟು ಸರಕನ್ನು ಹೊಗಳಿಕೊಳ್ಳುವವನಲ್ಲ. ಲಕ್ಷ್ಮಣರ ಶ್ರೀಸಾಮಾನ್ಯನೂ ಅಷ್ಟೆ. ಎಲ್ಲವನ್ನೂ ನೋಡುತ್ತಾನೆ, ಮಾತಾಡುವುದಿಲ್ಲ. ತನ್ನನ್ನು ತಾನೇ ಹೊಗಳಿಕೊಳ್ಳುವವನ ಮಾತನ್ನು ಸಂತೆಯಲ್ಲಿ ಯಾರು ನಂಬುತ್ತಾರೆ?

ಸರಕಿನ ಮೇಲಿನ ಚಿತ್ರಗಳೆಲ್ಲ ಹೀಗೆ ಸಲುಗೆಯವೇನಲ್ಲ. ನಮ್ಮದೇ ಮೈಸೂರು ಸ್ಯಾಂಡಲ್ ಸಾಬೂನಿನ ಮೇಲಿನ ಶರಭವನ್ನು ನೆನೆಯಿರಿ. ಆನೆಯ ತಲೆ, ಸಿಂಹದ ಮೈ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದ ಸರ್ಕಾರಿ ಉದ್ಯಮದ ಗಾಂಭೀರ್ಯಕ್ಕೆ ಅದು ಒಪ್ಪುತ್ತದೆ. ಶರಭವನ್ನು ಕಂಡರೆ ಗೌರವ ಹುಟ್ಟುತ್ತದೆ; ಆದರೆ ಅದನ್ನು ಯಾರೂ ಮನೆಗೆ ಊಟಕ್ಕೆ ಕರೆಯುವುದಿಲ್ಲ. ಅದು ಲಾಂಛನ. ಗಟ್ಟುವಿನ ಜಾತಿಯೇ ಬೇರೆ. ಜನರ ಮನಸ್ಸಿನಲ್ಲಿ ಉಳಿದ ಚಿತ್ರಪಾತ್ರಗಳನ್ನು ಒಂದೆಡೆ ನಿಲ್ಲಿಸಿ ನೋಡಿದರೆ, ಅವು ನಮಗಿಂತ ತುಸು ಚಿಕ್ಕವಾಗಿಯೋ, ತುಸು ತಪ್ಪುಳ್ಳವಾಗಿಯೋ, ಏನನ್ನೋ ಬಯಸುವವಾಗಿಯೋ ಕಾಣುತ್ತವೆ. ಆ ಕೊರತೆಯೇ ಅವುಗಳ ಬಲ.

ಗ್ರಾಮಫೋನಿನ ತಟ್ಟೆಗಳ ಮೇಲೆ ಕೊಳವೆಗೆ ಕಿವಿಗೊಟ್ಟು ಕುಳಿತ ನಾಯಿ ಇದಕ್ಕೆ ಒಳ್ಳೆಯ ನಿದರ್ಶನ. ಅದು ಕಲ್ಪನೆಯ ನಾಯಿಯಲ್ಲ. ಇಂಗ್ಲೆಂಡಿನಲ್ಲಿ ನಿಜವಾಗಿ ಬಾಳಿದ್ದ ನಿಪ್ಪರ್ ಎಂಬ ನಾಯಿ. ಅದರ ಒಡೆಯ ತೀರಿಕೊಂಡ ಮೇಲೆ ಅವನ ತಮ್ಮ ಫ್ರಾನ್ಸಿಸ್ ಬರೋ ಎಂಬ ಚಿತ್ರಕಾರನು ಅದನ್ನು ಸಾಕಿದ. ನಾಯಿ ಸತ್ತ ಕೆಲವು ವರ್ಷಗಳಿಗೆ ಅದರ ಚಿತ್ರ ಬರೆದ. 1899ರಲ್ಲಿ ಗ್ರಾಮಫೋನ್ ಕಂಪನಿಯು, ಚಿತ್ರದಲ್ಲಿದ್ದ ಹಳೆಯ ಯಂತ್ರವನ್ನು ಅಳಿಸಿ ತನ್ನ ಯಂತ್ರವನ್ನು ಬರೆದುಕೊಡುವ ಕರಾರಿನ ಮೇಲೆ ಅದನ್ನು ಕೊಂಡಿತು. ಹಾನಗಲ್ಲಿನ ಹೆಸರನ್ನು ನಾಡಿನಾಚೆಗೂ ಒಯ್ದ ಗಂಗೂಬಾಯಿಯವರ ಮೊದಮೊದಲ ಮುದ್ರಿಕೆಗಳು 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರಬಂದದ್ದು ಈ ಕಂಪನಿಯಿಂದಲೇ. ಗಾಯಕಿಯ ಹೆಸರನ್ನು ಓದಲಾರದವರೂ ನಾಯಿಯನ್ನು ಗುರುತಿಸುತ್ತಿದ್ದರು. ನಾಯಿ ಯಂತ್ರವನ್ನು ಹೊಗಳುವುದಿಲ್ಲ. ಕಾಣದ ದನಿಗಾಗಿ ಕಾಯುತ್ತದೆ. ಕಾಯುವ ಜೀವವನ್ನು ಕಂಡು ಯಾರ ಮನಸ್ಸು ಕರಗದು?

ಏರ್ ಇಂಡಿಯಾದ ‘ಮಹಾರಾಜ’ನದು ಬೇರೆಯೇ ಬಗೆ. 1946ರಲ್ಲಿ ಆ ಸಂಸ್ಥೆಯ ಬಾಬಿ ಕೂಕಾ ಎಂಬ ಅಧಿಕಾರಿಯ ಕಲ್ಪನೆಗೆ ಉಮೇಶ ರಾವ್ ಎಂಬ ಕಲಾವಿದರು ರೂಪ ಕೊಟ್ಟರು. ಭಾರಿ ಮೀಸೆ, ಭಾರಿ ಪೇಟ. ಆದರೆ ಎದೆಯ ಮೇಲೆ ಕೈಯಿಟ್ಟು ಬಾಗಿ ನಮಸ್ಕರಿಸುವ ಭಂಗಿ. ಅರಸನೇ ಆಳಾಗಿ ನಿಂತದ್ದು ನಗೆ ತರಿಸಿತು, ನೆನಪಿನಲ್ಲೂ ಉಳಿಯಿತು. 1971ರಲ್ಲಿ ನಿಜವಾದ ಅರಸರ ರಾಜಧನವೇ ರದ್ದಾಯಿತು. ಕಾಗದದ ಮಹಾರಾಜನಿಗೆ ಮಾತ್ರ ಏನೂ ಆಗಲಿಲ್ಲ. 1966ರಲ್ಲಿ ಬಂದ ಅಮುಲ್ ಬೆಣ್ಣೆಯ ಹುಡುಗಿಯ ಕಥೆ ಬಹುಮಂದಿಗೆ ಗೊತ್ತು. ಸಿಲ್ವೆಸ್ಟರ್ ಡಕುನ್ಹಾ ಅವರ ಕಲ್ಪನೆ, ಯೂಸ್ಟೇಸ್ ಫರ್ನಾಂಡಿಸರ ಕೈಚಳಕ. ಚುಕ್ಕಿಯ ಲಂಗ ಬದಲಾಗದು, ಮಾತು ಮಾತ್ರ ದಿನದ ಸುದ್ದಿಗೆ ತಕ್ಕಂತೆ ಬದಲಾಗುತ್ತದೆ. 2023ರಲ್ಲಿ ಡಕುನ್ಹಾ ತೀರಿಕೊಂಡಾಗ ಆ ಹುಡುಗಿ ಅಳುವ ಚಿತ್ರ ಪ್ರಕಟವಾಯಿತು. ಬೆಣ್ಣೆಯ ಜಾಹೀರಾತಿನ ಬೊಂಬೆ ಅತ್ತದ್ದನ್ನು ಕಂಡು ಎಷ್ಟೋ ಮಂದಿಗೆ ನಿಜವಾಗಿಯೇ ದುಃಖವಾಯಿತೆಂದರೆ, ಇಂಥ ಚಿತ್ರಗಳ ಶಕ್ತಿ ಎಷ್ಟೆಂದು ಊಹಿಸಬಹುದು.

ಆ ಶಕ್ತಿಗೆ ಇನ್ನೊಂದು ಮುಖವೂ ಇದೆ. ಅಮೆರಿಕದ ಒಂದು ಸಿಗರೇಟಿಗೆ 1980ರ ದಶಕದ ಕೊನೆಯಿಂದ ಜೋ ಎಂಬ ಹೆಸರಿನ, ಕಪ್ಪು ಕನ್ನಡಕ ಧರಿಸಿದ ಒಂಟೆ ಪ್ರಚಾರಕನಾಗಿತ್ತು. 1991ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರು ವರ್ಷದ ಮಕ್ಕಳಿಗೆ ಚಿತ್ರಗಳನ್ನು ತೋರಿಸಿ, ಯಾವುದು ಯಾವ ವಸ್ತುವಿಗೆ ಸೇರಿದ್ದೆಂದು ಕೇಳಲಾಯಿತು. ಹತ್ತರಲ್ಲಿ ಒಂಬತ್ತು ಮಕ್ಕಳು ಒಂಟೆಯನ್ನು ಸಿಗರೇಟಿನ ಜೊತೆಗೆ ಸರಿಯಾಗಿಯೇ ಜೋಡಿಸಿದರು. ಮಿಕ್ಕಿಮೌಸನ್ನು ಬಲ್ಲಷ್ಟೇ ಚೆನ್ನಾಗಿ ಆ ಮಕ್ಕಳು ಒಂಟೆಯನ್ನೂ ಬಲ್ಲವರಾಗಿದ್ದರು! ಜನರ ಆಕ್ರೋಶ ಹೆಚ್ಚಿ 1997ರಲ್ಲಿ ಆ ಒಂಟೆಯನ್ನು ಹಿಂತೆಗೆದುಕೊಳ್ಳಬೇಕಾಯಿತು. ಚಿತ್ರ ಬರೆದವನ ಕೈಚಳಕದಲ್ಲಿ ಯಾವ ದೋಷವೂ ಇರಲಿಲ್ಲ. ಒಂಟೆ ಬಹಳ ಚೆಲುವಾಗಿಯೇ ಇತ್ತು, ಅದೇ ತೊಂದರೆಯಾದದ್ದು.

ಒಳ್ಳೆಯ ಸರಕಿನ ಮೇಲಿನ ಒಳ್ಳೆಯ ಚಿತ್ರಕ್ಕೂ ಎಲ್ಲವನ್ನೂ ಹೇಳುವ ಸಾಮರ್ಥ್ಯವಿಲ್ಲ. ಹಂಸಭಾವಿಯ ಆ ಅಜ್ಜ ಕೊಂಬಿಗೆ ಬಣ್ಣ ಬಳಿದ ಕಾಲದಲ್ಲಿ ಲೋಕದ ನಾನಾ ಕಡೆ ಎಣ್ಣೆಬಣ್ಣಗಳಿಗೆ ಸೀಸವನ್ನು ಬೆರೆಸುವುದು ಸಾಮಾನ್ಯವಾಗಿತ್ತು. ಬಣ್ಣ ಹೊಳೆಯಲು, ಬೇಗ ಒಣಗಲು, ಬಹುಕಾಲ ಬಾಳಲು ಅದು ನೆರವಾಗುತ್ತಿತ್ತು. ಇದು ಯಾವುದೋ ಒಂದು ಕಂಪನಿಯ ಮಾತಲ್ಲ; ಆ ಉದ್ಯಮದ ರೀತಿಯೇ ಹಾಗಿತ್ತು. ಆದರೆ ಸೀಸ ವಿಷ. ಉದುರಿದ ಬಣ್ಣದ ಚಕ್ಕೆ, ಧೂಳು ಮಕ್ಕಳ ಬಾಯಿ ಸೇರಿದರೆ ಮೆದುಳಿನ ಬೆಳವಣಿಗೆ ಕುಂದುತ್ತದೆ. ಬಣ್ಣ ನೆಕ್ಕಿದ ದನಕರುಗಳೂ ಅದರಿಂದ ಸಾಯುವುದುಂಟು. ಭಾರತ ಸರ್ಕಾರವು 2016ರಲ್ಲಿ ನಿಯಮವೊಂದನ್ನು ಹೊರಡಿಸಿ, ಮನೆಗೆ ಬಳಸುವ ಬಣ್ಣದ ಹತ್ತು ಲಕ್ಷ ಭಾಗಗಳಲ್ಲಿ ಸೀಸವು 90 ಭಾಗಗಳನ್ನು ಮೀರಕೂಡದೆಂದು ವಿಧಿಸಿತು. 2017ರ ನವೆಂಬರ್ 1ರಿಂದ ಅದು ಜಾರಿಗೆ ಬಂದಿತು. ಈ ಸಂಗತಿಯನ್ನು ಯಾವ ತುಂಟ ಹುಡುಗನ ನಗೆಯಿಂದಲೂ ತಿಳಿಯಲಾಗದು. ಅಜ್ಜನಿಗೆ ಬೇಕಾಗಿದ್ದುದು ‘ಯಾವ ಡಬ್ಬಿ’ ಎಂಬ ಗುರುತು. ಅದನ್ನು ಗಟ್ಟು ಪ್ರಾಮಾಣಿಕವಾಗಿ ಕೊಟ್ಟ. ‘ಡಬ್ಬಿಯೊಳಗೆ ಏನಿದೆ’ ಎಂಬುದು ಅವನ ವಿದ್ಯೆಯಾಗಿರಲಿಲ್ಲ.

ಸುಮಾರು ಅರ್ಧ ಶತಮಾನದ ಸೇವೆಯ ಅನಂತರ, 2002ರ ಹೊತ್ತಿಗೆ ಕಂಪನಿಯು ಗಟ್ಟುವನ್ನು ನಿವೃತ್ತಿಗೊಳಿಸಿತು. ಹೊಸ ಗಿರಾಕಿಗಳಿಗೆ ಹೊಸ ಬಗೆಯ ಚಿಹ್ನೆ ಬೇಕೆಂಬುದು ಅವರ ಎಣಿಕೆ. ಲಕ್ಷ್ಮಣರು 2015ರ ಜನವರಿ 26ರಂದು ಪುಣೆಯಲ್ಲಿ ನಿಧನರಾದರು.

ಹಂಸಭಾವಿಯಲ್ಲಿ ಕಾರಹುಣ್ಣಿಮೆ ಈಗಲೂ ಬರುತ್ತದೆ, ಎತ್ತುಗಳು ಕಡಿಮೆಯಾಗಿ ಟ್ರ್ಯಾಕ್ಟರುಗಳು ಹೆಚ್ಚಿದ್ದರೂ. ಬಣ್ಣ ತರಲು ಹೋಗುವ ಮೊಮ್ಮಗನಿಗೆ ಇಂದು ಓದು ಬರುತ್ತದೆ. ಸೀಸದ ಪ್ರಮಾಣವನ್ನು ಡಬ್ಬಿಯ ಮೇಲೆ ನಮೂದಿಸಬೇಕೆಂಬುದು ಆ ನಿಯಮದಲ್ಲೇ ಇದೆ. ಆದರೆ ಆ ಸಾಲನ್ನು ಹುಡುಕಬೇಕಾದರೆ ಡಬ್ಬಿಯನ್ನು ತಿರುಗಿಸಿ, ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಬೇಕು. ಅಕ್ಷರಗಳು ಸಾಸಿವೆಯಷ್ಟು ಸಣ್ಣವು, ಅವೂ ಹೆಚ್ಚಾಗಿ ಇಂಗ್ಲಿಷಿನವು.