ದಿನಾ ಓಡಿದರೆ ಮಾತ್ರ ಅಗ್ಗ

ಎಂಬತ್ತು, ತೊಂಬತ್ತರ ದಶಕಗಳಲ್ಲಿ ಯುರೇಕಾ ಫೋರ್ಬ್ಸ್‌ನ ಹುಡುಗರು ಟೈ ಕಟ್ಟಿಕೊಂಡು ಮನೆ ಬಾಗಿಲಿಗೆ ಬಂದು, ಹಾಸಿಗೆಯೊಳಗಿನ ಧೂಳನ್ನು ಕಣ್ಣೆದುರೇ ಎಳೆದು ತೋರಿಸಿ ಮಾರಿಹೋದ ವ್ಯಾಕ್ಯೂಮ್ ಕ್ಲೀನರ್‌ಗಳು ಇವತ್ತು ಎಷ್ಟೋ ಮನೆಗಳ ಅಟ್ಟದ ಮೇಲಿವೆ. ಎಲ್ಲವೂ ಕೆಟ್ಟು ಅಟ್ಟ ಸೇರಿದವಲ್ಲ. ಸ್ವಿಚ್ ಹಾಕಿದರೆ ಕೆಲವು ಈಗಲೂ ಗುಂಯ್ ಎಂದಾವು. ಪೆಟ್ಟಿಗೆಯಿಂದ ತೆಗೆದು, ಪೈಪು ಜೋಡಿಸಿ, ವೈರು ಬಿಡಿಸಿ, ಪ್ಲಗ್ ಹುಡುಕುವಷ್ಟರಲ್ಲಿ ಪೊರಕೆ ಹಿಡಿದವರು ಹಾಲ್ ಗುಡಿಸಿ ಮುಗಿಸಿರುತ್ತಾರೆ, ಅಷ್ಟೇ. ಎಳೆಯುವ ಶಕ್ತಿ ಆ ಯಂತ್ರಗಳಿಗೆ ಬೇಕಾದಷ್ಟಿತ್ತು, ದಿನಾ ಹೊರಗೆ ತೆಗೆಯುವವರು ಇರಲಿಲ್ಲ. ಈಗ ರೋಬೋಟ್ ವ್ಯಾಕ್ಯೂಮ್ ಕೊಳ್ಳಲು ಹೊರಟವರು ಮತ್ತೆ ಆ ಶಕ್ತಿಯ ಅಂಕಿಯನ್ನೇ ಹಿಡಿದು ಮಾಡೆಲ್‌ಗಳನ್ನು ಹೋಲಿಸುತ್ತಿದ್ದಾರೆ. ನನ್ನ ವಾದ ಇಷ್ಟು: ಈ ಯಂತ್ರದ ನಿಜವಾದ ಬೆಲೆಯನ್ನು ನಿರ್ಧರಿಸುವುದು ಅದು ವಾರಕ್ಕೆ ಎಷ್ಟು ದಿನ ಓಡುತ್ತದೆ ಎಂಬುದು. ಹಾಗಾಗಿ ನಿಮ್ಮ ಮನೆಯಲ್ಲಿ ಅದನ್ನು ಯಾವುದು ನಿಲ್ಲಿಸುತ್ತದೆ ಎಂದು ಮೊದಲು ನೋಡಿ, ಆಮೇಲೆ ದುಡ್ಡು ಬಿಚ್ಚಿ.

ಲೆಕ್ಕ ಹಾಕಿಯೇ ನೋಡೋಣ. 25,000 ರೂಪಾಯಿಯ ಯಂತ್ರ ನಾಲ್ಕು ವರ್ಷ ಬಾಳುತ್ತದೆ ಎಂದಿಟ್ಟುಕೊಳ್ಳಿ. ತಿಂಗಳಿಗೆ 520 ರೂಪಾಯಿ. ನಡುವೆ ಒಮ್ಮೆ ಬ್ಯಾಟರಿ ಬದಲಿಸಬೇಕಾಗಬಹುದು, ಅದಕ್ಕೆ 4,000 ಹಿಡಿದರೆ ತಿಂಗಳಿಗೆ ಇನ್ನೊಂದು 80. ಬದಿಯ ಬ್ರಷ್ಷು, ಉರುಳೆ ಬ್ರಷ್ಷು, ಫಿಲ್ಟರು, ಒರೆಸುವ ಬಟ್ಟೆ ಸೇರಿ ವರ್ಷಕ್ಕೆ 3,000 ಎಂದರೆ ತಿಂಗಳಿಗೆ 250. ಕರೆಂಟಿನ ಬಗ್ಗೆ ಹೆದರುವವರಿದ್ದಾರೆ, ಹೆದರಬೇಕಾಗಿಲ್ಲ. 14.4 ವೋಲ್ಟಿನ, 5,200 ಎಂಎಎಚ್‌ನ ಬ್ಯಾಟರಿ ತುಂಬಿದಾಗ ಹಿಡಿಯುವುದು 75 ವಾಟ್-ಅವರ್ ಮಾತ್ರ. ಪೋಲಾಗುವುದನ್ನೂ ಸೇರಿಸಿ ದಿನಾ ಪೂರ್ತಿ ಚಾರ್ಜ್ ಮಾಡಿದರೂ ತಿಂಗಳಿಗೆ ಮೂರು ಯುನಿಟ್, ಚಾರ್ಜ್ ಮಾಡುವ ಡಾಕ್ ಸದಾ ಆನ್ ಇರುವುದಕ್ಕೆ ಇನ್ನೆರಡು. ಯುನಿಟ್ಟಿಗೆ 6 ರೂಪಾಯಿಯಂತೆ 30 ರೂಪಾಯಿ. ಒಟ್ಟು 900 ರೂಪಾಯಿಗೆ ಸ್ವಲ್ಪ ಕಡಿಮೆ. ಇದರಲ್ಲಿ 600 ರೂಪಾಯಿ ಯಂತ್ರ ಓಡಲಿ ಬಿಡಲಿ ಹೋಗುವ ದುಡ್ಡು. ತಿಂಗಳಿಗೆ 26 ದಿನ ಓಡಿಸಿದರೆ ಒಂದು ಸಲ ಮನೆ ಗುಡಿಸಲು 35 ರೂಪಾಯಿಯೂ ಬೀಳುವುದಿಲ್ಲ. ವಾರಕ್ಕೊಮ್ಮೆ ಭಾನುವಾರ ಮಾತ್ರ ಓಡಿಸಿದರೆ ಒಂದೊಂದು ಸಲಕ್ಕೂ 150 ರೂಪಾಯಿ. ಇನ್ನು 60,000 ರೂಪಾಯಿಯದನ್ನು ಕೊಂಡು, ತಿಂಗಳಿಗೆ 500 ರೂಪಾಯಿಯ ಬಿಡಿ ಸಾಮಾನು ಹಾಕಿ, ದಿನವೂ ಓಡಿಸುವವರಿಗೆ ಒಂದು ಸಲಕ್ಕೆ 60 ರೂಪಾಯಿ. ಅಂದರೆ ಬೆಲೆಯ ಚೀಟಿ ನೋಡಿ ಯಾವುದು ದುಬಾರಿ ಎಂದು ಹೇಳಲು ಬರುವುದಿಲ್ಲ. ನನ್ನ ಅಂಕಿಗಳ ಜಾಗದಲ್ಲಿ ನಿಮ್ಮ ಅಂಕಿಗಳನ್ನು ಹಾಕಿ ನೋಡಿ, ತೀರ್ಮಾನ ಅಷ್ಟೇನೂ ಬದಲಾಗದು.

ಹಾಗಾದರೆ ಯಂತ್ರವನ್ನು ನಿಲ್ಲಿಸುವುದು ಯಾವುದು? ನಮ್ಮ ಮನೆಗಳಲ್ಲಿ ಮೊದಲ ಹೆಸರು ಹೊಸ್ತಿಲಿನದು. ಸಾಧಾರಣ ಮಾಡೆಲ್‌ಗಳು ಎರಡು ಸೆಂಟಿಮೀಟರ್ ಎತ್ತರದ ತಡೆಯನ್ನಷ್ಟೇ ಹತ್ತಿ ದಾಟುತ್ತವೆ. ಹಳೇ ಮೈಸೂರಿನ ಮನೆಯ ಮರದ ಹೊಸ್ತಿಲಾಗಲಿ, ಮಲೆನಾಡಿನ ತೊಟ್ಟಿ ಮನೆಯ ಅಂಕಣಗಳ ಏರಿಳಿತವಾಗಲಿ ಅವುಗಳ ಕೈಲಾಗದ ಮಾತು. ಅಪಾರ್ಟ್‌ಮೆಂಟಿನ ಬಾಲ್ಕನಿ ಬಾಗಿಲ ಕಂಬಿಯೂ ಕೆಲವೊಮ್ಮೆ ತಡೆಯುತ್ತದೆ. ಎರಡನೆಯದು ಕಪ್ಪು ನೆಲ. ಮೆಟ್ಟಿಲಿನಿಂದ ಉರುಳದಿರಲಿ ಎಂದು ಯಂತ್ರದ ಹೊಟ್ಟೆಯಡಿ ಇನ್‌ಫ್ರಾರೆಡ್ ಸೆನ್ಸರ್‌ಗಳಿರುತ್ತವೆ. ಕಳಿಸಿದ ಕಿರಣ ನೆಲಕ್ಕೆ ಬಡಿದು ವಾಪಸ್ ಬರದಿದ್ದರೆ ಮುಂದೆ ಹಳ್ಳ ಎಂದು ಅದು ಹಿಂದಕ್ಕೆ ಸರಿಯುತ್ತದೆ. ಕಡಪ ಕಲ್ಲಿನ ಅಡುಗೆಮನೆ, ಕೋಣೆಗಳ ನಡುವೆ ಹಾಸಿದ ಕರಿ ಗ್ರಾನೈಟಿನ ಪಟ್ಟಿ ಆ ಕಿರಣವನ್ನು ಹೀರಿಕೊಂಡರೆ, ಸಮತಟ್ಟಾದ ಜಾಗದಲ್ಲೂ ಪ್ರಪಾತದ ಅಂಚಿಗೆ ಬಂದಂತೆ ಯಂತ್ರ ನಿಂತುಬಿಡುತ್ತದೆ. ಮೂರನೆಯದು ಎತ್ತರ: ತಲೆಯ ಮೇಲೆ ಲೇಸರ್ ಗುಮಟವಿರುವ ಯಂತ್ರಗಳು ಹತ್ತಿರಹತ್ತಿರ 10 ಸೆಂಟಿಮೀಟರ್ ಇರುತ್ತವೆ, ಮಂಚದಡಿ ಅಷ್ಟು ಜಾಗವಿಲ್ಲದಿದ್ದರೆ ಅತಿ ಹೆಚ್ಚು ಧೂಳು ಕೂರುವ ಜಾಗವೇ ತಪ್ಪಿಹೋಯಿತು. ಇವುಗಳ ಮೇಲೆ ಚಾರ್ಜರ್ ವೈರು, ಸೀರೆಯ ಸೆರಗು, ಜಮಖಾನೆಯ ಕುಚ್ಚು, ಕಾಲೊರಸು. ಅಂಗಡಿಗೆ ಹೋಗುವ ಮೊದಲು ಒಂದು ಸ್ಕೇಲ್ ಹಿಡಿದು ಮನೆಯೆಲ್ಲ ಅಳೆದು ಬರೆದಿಟ್ಟುಕೊಳ್ಳಿ. ಯಂತ್ರಕ್ಕೆ ಸಲೀಸಾಗಿ ಸಿಗುವ ನೆಲ ಮನೆಯ ಅರ್ಧಕ್ಕಿಂತ ಕಡಿಮೆಯಾದರೆ, ಯಾವ ಮಾಡೆಲ್ ಎಂಬ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ: ಬೇಡ.

ಅಳತೆಯಲ್ಲಿ ಪಾಸಾದ ಮನೆಗೆ ಮುಂದಿನ ಪ್ರಶ್ನೆ ದಾರಿ ಗೊತ್ತಿರುವ ಯಂತ್ರವೋ ಗೊತ್ತಿಲ್ಲದ್ದೋ ಎಂಬುದು. ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ 2001ರಲ್ಲಿ ಟ್ರೈಲೊಬೈಟ್ ಎಂಬ ರೋಬೋಟನ್ನು ಮಾರಾಟಕ್ಕಿಟ್ಟಿತು. ಮರುವರ್ಷ ಅಮೆರಿಕದ ಐರೋಬೋಟ್ ಕಂಪನಿ 200 ಡಾಲರ್ ಆಸುಪಾಸಿಗೆ ರೂಂಬಾ ತಂದಿತು. ಆಗಿನ ರೂಂಬಾಗೆ ನಕ್ಷೆಯ ಗೊಡವೆಯೇ ಇರಲಿಲ್ಲ, ಗೋಡೆಗೆ ತಾಗಿದಾಗಲೆಲ್ಲ ದಿಕ್ಕು ಬದಲಿಸುತ್ತ ಓಡುತ್ತಿತ್ತು. ಒಂದೇ ಜಾಗವನ್ನು ಹಲವು ಸಲ ಹಾಯ್ದು ಹೇಗೋ ಗುಡಿಸುತ್ತಿತ್ತು. 2010ರಲ್ಲಿ ನಿಯಾಟೊ ಕಂಪನಿ ಲೇಸರ್ ಸುತ್ತಿಸಿ ಕೋಣೆಯ ನಕ್ಷೆ ಬರೆದುಕೊಳ್ಳುವ ಯಂತ್ರ ತಂದಿತು, 2016ರಿಂದೀಚೆಗೆ ಚೀನಾದ ತಯಾರಕರು ಅದನ್ನು ಮಧ್ಯಮ ವರ್ಗದ ಕೈಗೆಟುಕುವ ಬೆಲೆಗೆ ಇಳಿಸಿದರು. ನಮ್ಮ ಮಾರುಕಟ್ಟೆಯಲ್ಲಿ ತೀರಾ ಅಗ್ಗದವು ಇಂದಿಗೂ ನಕ್ಷೆಯಿಲ್ಲದೆ ಅಂದಾಜಿನಲ್ಲಿ ಓಡುವವೇ. ‘ಮೊದಲು ಹತ್ತು ಸಾವಿರದ್ದನ್ನು ತಂದು ನೋಡೋಣ, ಒಗ್ಗಿದರೆ ಆಮೇಲೆ ದೊಡ್ಡದು’ ಎನ್ನುವುದು ಮೇಲ್ನೋಟಕ್ಕೆ ಜಾಣತನ. ಒಂದೇ ಕೋಣೆಯ ಮನೆಗೆ ಅದು ಸರಿಯೂ ಹೌದು. ಎರಡು ಮಲಗುವ ಕೋಣೆಯ ಮನೆಯಲ್ಲಿ ಮಾತ್ರ ಅದು ಒಂದು ಕೋಣೆಯನ್ನು ಎರಡು ಸಲ ಗುಡಿಸಿ, ಇನ್ನೊಂದನ್ನು ಮರೆತು, ಚಾರ್ಜ್ ಮುಗಿದು ಡೈನಿಂಗ್ ಟೇಬಲ್ಲಿನ ಕಾಲುಗಳ ನಡುವೆ ಸಿಕ್ಕಿಕೊಳ್ಳುವುದೇ ಹೆಚ್ಚು. ಅಂಥದ್ದನ್ನು ಮನೆಯವರು ಒಂದು ತಿಂಗಳು ಹುಡುಕಿ ಎತ್ತಿಡುತ್ತಾರೆ, ಆಮೇಲೆ ಕೈಬಿಡುತ್ತಾರೆ. ಉಳಿಸಿದ ದುಡ್ಡಿಗಿಂತ ನಿಂತುಹೋದ ಯಂತ್ರದ ನಷ್ಟ ದೊಡ್ಡದು. ನಕ್ಷೆ ಇದ್ದರೆ ದೇವರ ಮನೆಯ ಮುಂದಿನ ರಂಗೋಲಿಗೆ, ನಾಯಿಯ ನೀರಿನ ಬಟ್ಟಲಿಗೆ ಬೇಲಿ ಹಾಕಬಹುದು. ನನ್ನ ಪ್ರಕಾರ ಹೆಚ್ಚುವರಿ ದುಡ್ಡು ಕೊಡಲು ಮೊದಲ ಯೋಗ್ಯ ಕಾರಣ ಇದು.

ಇನ್ನು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವ ಪ್ಯಾಸ್ಕಲ್. 5,000, 10,000, 20,000 ಎಂದು ವರ್ಷ ವರ್ಷ ಬೆಳೆಯುವ ಈ ಅಂಕಿ ಗಾಳಿಯ ಒತ್ತಡದ ವ್ಯತ್ಯಾಸದ್ದು. ಎಷ್ಟು ಗಾಳಿ ಹರಿಯುತ್ತದೆ, ಬ್ರಷ್ಷು ಕಸವನ್ನು ಬಾಯಿಗೆ ತರುತ್ತದೋ ಇಲ್ಲವೋ ಎಂಬುದನ್ನು ಅದು ಹೇಳುವುದಿಲ್ಲ. ದಪ್ಪ ಕಾರ್ಪೆಟ್ಟಿನ ಎಳೆಗಳ ಬುಡದಿಂದ ಧೂಳೆಬ್ಬಿಸಲು ಜೋರು ಎಳೆತ ಬೇಕು, ಒಪ್ಪುತ್ತೇನೆ. ನಮ್ಮಲ್ಲಿ ಇರುವುದು ಟೈಲ್ಸು, ಮೊಸಾಯಿಕ್, ಗ್ರಾನೈಟು, ರೆಡ್ ಆಕ್ಸೈಡು. ಪೊರಕೆಗೆ ಬಗ್ಗುವ ಕಸ ಸಾಧಾರಣ ಎಳೆತಕ್ಕೂ ಬಗ್ಗುತ್ತದೆ. ಒಗ್ಗರಣೆಯಿಂದ ಸಿಡಿದು ನೆಲಕ್ಕೆ ಬಿದ್ದ ಸಾಸಿವೆ ಕಾಳುಗಳ ಕಡೆಗೆ ಇಂಥ ಯಂತ್ರ ಸಾಗುವುದನ್ನು ಗಮನಿಸಿ: ಎಳೆತ ಕಾಳನ್ನು ಮುಟ್ಟುವ ಮೊದಲೇ ಬದಿಯ ಬ್ರಷ್ಷಿನ ಕಡ್ಡಿ ತಾಗಿ ಅದು ಫ್ರಿಡ್ಜಿನಡಿ ಚಿಮ್ಮುತ್ತದೆ. ಇದಕ್ಕೆ ಪರಿಹಾರ ಬದಿ ಬ್ರಷ್ಷಿನ ವೇಗ ತಗ್ಗಿಸುವ ಸೌಲಭ್ಯ. ಅದರ ಜೊತೆಗೆ ನೋಡಬೇಕಾದದ್ದು ಕೂದಲು ಸುತ್ತಿಕೊಳ್ಳದ ಉರುಳೆ, ಎತ್ತಿ ಚೆಲ್ಲಲು ಸುಲಭವಾದ ಕಸದ ಡಬ್ಬಿ. ಇವುಗಳಿಗೆ ಜಾಹೀರಾತಿನಲ್ಲಿ ದಪ್ಪಕ್ಷರ ಸಿಗುವುದಿಲ್ಲ. ಉದ್ದ ಕೂದಲಿನವರು ಇಬ್ಬರಿರುವ ಮನೆಯಲ್ಲಿ ವಾರಕ್ಕೊಮ್ಮೆ ಕತ್ತರಿ ಹಿಡಿದು ಉರುಳೆ ಬಿಡಿಸುವ ಕೆಲಸವೇ ಯಂತ್ರವನ್ನು ಮೂಲೆಗೆ ಕೂರಿಸಲು ಸಾಕು.

‘ಅದಕ್ಕೇ ಅಲ್ಲವೇ ಸ್ಟೇಷನ್ ಇರುವ ಮಾಡೆಲ್ ಬಂದಿರುವುದು? ತಾನೇ ಕಸ ಚೆಲ್ಲಿಕೊಳ್ಳುತ್ತದೆ, ತಾನೇ ಬಟ್ಟೆ ತೊಳೆದುಕೊಳ್ಳುತ್ತದೆ’ ಎಂಬ ಆಕ್ಷೇಪ ಬರುತ್ತದೆ. ನನ್ನ ವಾದದ ಪ್ರಕಾರವೇ ನೋಡಿದರೂ ಇದಕ್ಕೆ ತೂಕವಿದೆ. ಕೈಕೆಲಸ ಕಡಿಮೆಯಾದಷ್ಟೂ ಯಂತ್ರ ಓಡುವ ದಿನಗಳು ಹೆಚ್ಚು. ಬಗ್ಗಲಾಗದ ಹಿರಿಯರು, ಕೂದಲುದುರಿಸುವ ನಾಯಿ, ಧೂಳಿನ ಅಲರ್ಜಿ ಇರುವ ಮನೆಗಳಲ್ಲಿ ಕಸ ತಾನೇ ಎಳೆದುಕೊಳ್ಳುವ ಸ್ಟೇಷನ್ನಿಗೆ ದುಡ್ಡು ಕೊಡಬಹುದು. ನೀರಿನ ಸ್ಟೇಷನ್ ಬಗ್ಗೆ ಮಾತ್ರ ನನಗೆ ಅಷ್ಟು ಉತ್ಸಾಹವಿಲ್ಲ. ಅದರಲ್ಲಿ ಒಳ್ಳೆ ನೀರಿನ ತೊಟ್ಟಿ, ಕೊಳೆ ನೀರಿನ ತೊಟ್ಟಿ ಎಂದು ಎರಡಿರುತ್ತವೆ. ಒಂದನ್ನು ತುಂಬಿಸುವುದು, ಇನ್ನೊಂದನ್ನು ಚೆಲ್ಲಿ ತೊಳೆಯುವುದು ಮನುಷ್ಯರ ಪಾಲಿಗೇ ಉಳಿಯುತ್ತದೆ. ಎರಡು ದಿನ ಮರೆತರೆ, ಅದರಲ್ಲೂ ಕರಾವಳಿಯ ಮಳೆಗಾಲದಲ್ಲಿ, ವಾಸನೆ ತಾನೇ ನೆನಪಿಸುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಬಕೆಟ್ಟಿನ ಅಂಚಿಗೆ ಕಟ್ಟುವ ಬಿಳಿ ಪದರವೇ ಆ ಸಣ್ಣ ಕೊಳವೆಗಳೊಳಗೂ ಕಟ್ಟುತ್ತದೆ. ಬಿಸಿಗಾಳಿಯಲ್ಲಿ ಬಟ್ಟೆ ಒಣಗಿಸುವ ಸ್ಟೇಷನ್ ಆದರೆ ಮೇಲೆ ಹೇಳಿದ ಐದು ಯುನಿಟ್ಟಿನ ಲೆಕ್ಕವೂ ನಿಲ್ಲದು. ಬಕೆಟ್ ನೀರಿಗೆ ಫಿನಾಯಿಲ್ ಹಾಕಿ ಅಂಗೈ ಒತ್ತಿ ಒರೆಸಿದ ನೆಲಕ್ಕೂ ಯಂತ್ರದ ತೇವ ಬಟ್ಟೆ ಸವರಿದ ನೆಲಕ್ಕೂ ಬರಿಗಾಲಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಗುಡಿಸಲಿಕ್ಕೆ ಕೊಳ್ಳಿ, ಒರೆಸಿದ್ದು ಲಾಭ ಎಂದುಕೊಳ್ಳಿ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ: ತಿಂಗಳಿಗೆ ಎರಡು ಸಾವಿರ ಕೊಟ್ಟರೆ ಕೆಲಸದವರು ಬಂದು ಗುಡಿಸಿ ಒರೆಸಿ ಹೋಗುವ ಊರಿನಲ್ಲಿ ಇದೆಲ್ಲ ಯಾಕೆ? ಈ ಪ್ರಶ್ನೆಗೆ ಯಂತ್ರ ಮಾರುವವರು ಕೊಡುವ ಉತ್ತರ, ಅಂದರೆ ಸಂಬಳ ಉಳಿಯುತ್ತದೆ ಎಂಬುದು, ಸುಳ್ಳು ಲೆಕ್ಕ. ಕೆಲಸದಾಕೆ ಬಚ್ಚಲು ತೊಳೆಯುತ್ತಾರೆ, ಮೆಟ್ಟಿಲು ಗುಡಿಸುತ್ತಾರೆ, ಕುರ್ಚಿ ಸರಿಸುತ್ತಾರೆ, ಒದ್ದೆ ಅಡುಗೆಮನೆಯನ್ನೂ ಒರೆಸುತ್ತಾರೆ. ರೋಬೋಟಿಗೆ ಇದ್ಯಾವುದೂ ಬಾರದು. ಅವರ ಸಂಬಳ ಕತ್ತರಿಸಿ ಯಂತ್ರದ ಕಂತು ಕಟ್ಟಲು ಹೊರಟವರು ಕೊನೆಗೆ ಎರಡೂ ಖರ್ಚು ಹೊರುತ್ತಾರೆ. ಯಂತ್ರಕ್ಕೆ ನಿಜವಾಗಿ ಬೆಲೆ ಬರುವುದು ಕೆಲಸದವರೇ ಇಲ್ಲದ, ಮನೆಯವರೇ ದಿನಾ ಪೊರಕೆ ಹಿಡಿಯುವ ಮನೆಯಲ್ಲಿ. ಹಿಡಿಯುವವರು ಯಾರೆಂಬುದು ಗುಟ್ಟೇನಲ್ಲ. ಕೇಂದ್ರದ ಅಂಕಿಅಂಶ ಕಚೇರಿಯ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಡುತ್ತಾರೆ, ಮಾಡುವ ಗಂಡಸರು 88 ನಿಮಿಷ. ಸಂಬಳವಿಲ್ಲದ ಕೆಲಸವಾದ್ದರಿಂದ ಮನೆಯ ಬಜೆಟ್ಟಿನಲ್ಲಿ ಅದು ಖರ್ಚೆಂದು ಕಾಣುವುದೇ ಇಲ್ಲ, ಉಳಿದಾಗಲೂ ಕಾಣುವುದಿಲ್ಲ. ದಿನಕ್ಕೆ ಅರ್ಧ ಗಂಟೆ ಉಳಿದರೆ ತಿಂಗಳಿಗೆ 15 ಗಂಟೆ. 900 ರೂಪಾಯಿಗೆ ಗಂಟೆಗೆ 60 ರೂಪಾಯಿ ಬಿತ್ತು. ಆ ಗಂಟೆಯ ಬೆಲೆ 60ಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಪೊರಕೆ ಹಿಡಿಯುವವರನ್ನೇ ಕೇಳಬೇಕು, ಕಾರ್ಡ್ ಉಜ್ಜುವವರನ್ನಲ್ಲ.

ನಾಲ್ಕು ವರ್ಷ ಬಾಳಿಕೆ ಎಂದು ಮೇಲೆ ಹಿಡಿದೆನಲ್ಲ, ಅದು ಬರೀ ಮೋಟರಿನ ಕೈಯಲ್ಲಿಲ್ಲ. ಲೇಸರ್ ನಕ್ಷೆ ತಂದ ನಿಯಾಟೊ 2023ರಲ್ಲಿ ಬಾಗಿಲು ಹಾಕಿತು. 2025ರಲ್ಲಿ ಅದರ ಕ್ಲೌಡ್ ಸೇವೆಯೂ ನಿಂತು, ಯಂತ್ರ ಚೆನ್ನಾಗಿದ್ದವರ ಆ್ಯಪ್ ಕೂಡ ಉಪಯೋಗಕ್ಕಿಲ್ಲವಾಯಿತು, ಗುಂಡಿ ಒತ್ತಿ ಓಡಿಸುವುದಷ್ಟೇ ಉಳಿಯಿತು. ರೂಂಬಾದ ಐರೋಬೋಟನ್ನು 170 ಕೋಟಿ ಡಾಲರಿಗೆ ಕೊಳ್ಳಲು ಅಮೆಜಾನ್ 2022ರಲ್ಲಿ ಮುಂದಾಗಿ 2024ರ ಜನವರಿಯಲ್ಲಿ ಕೈಬಿಟ್ಟಿತು. 2025ರ ಡಿಸೆಂಬರಿನಲ್ಲಿ ಆ ಕಂಪನಿ ದಿವಾಳಿ ರಕ್ಷಣೆ ಕೋರಿ ಕೋರ್ಟಿಗೆ ಹೋಯಿತು. ಹಾಗಾಗಿ ಹೆಸರಿನ ದೊಡ್ಡಸ್ತಿಕೆಗೆ ಮಾರುಹೋಗದೆ, ಆ್ಯಪ್ ಇಲ್ಲದೆಯೂ ಗುಂಡಿ ಒತ್ತಿದರೆ ಓಡುತ್ತದೆಯೇ, ಬ್ಯಾಟರಿ ಮತ್ತು ಬ್ರಷ್ಷು ಇಲ್ಲೇ ಬಿಡಿಯಾಗಿ ಸಿಗುತ್ತವೆಯೇ, ಸರ್ವಿಸ್ ಸೆಂಟರ್ ನಿಮ್ಮ ಊರಿನಲ್ಲಿದೆಯೇ ಅಥವಾ ಶಿವಮೊಗ್ಗದಿಂದ ಬೆಂಗಳೂರಿಗೆ ಕೊರಿಯರ್ ಮಾಡಬೇಕೇ ಎಂದು ವಿಚಾರಿಸಿ. ಅಮೆರಿಕದಿಂದ ಬರುವ ಮಗನ ಸೂಟ್‌ಕೇಸಿನಲ್ಲಿ ತರಿಸಿಕೊಳ್ಳುವುದು ಅಗ್ಗವೆನಿಸಬಹುದು. ಅಲ್ಲಿನ ಡಾಕ್ 120 ವೋಲ್ಟಿನದ್ದಾಗಿರಬಹುದು, ಅಲ್ಲಿನ ವಾರಂಟಿ ಇಲ್ಲಿ ನಡೆಯದಿರಬಹುದು. ಕ್ಯಾಮೆರಾ ಇರುವ ಮಾಡೆಲ್ ಬೇಕೇ ಎಂದು ಎರಡು ಸಲ ಯೋಚಿಸಿ. 2024ರಲ್ಲಿ ಅಮೆರಿಕದ ಕೆಲವು ಮನೆಗಳ ಇಕೋವ್ಯಾಕ್ಸ್ ಯಂತ್ರಗಳಿಗೆ ಕನ್ನ ಹಾಕಿದವರು ಅವುಗಳ ಸ್ಪೀಕರಿನಿಂದಲೇ ಮನೆಯವರನ್ನು ಬೈದದ್ದು ಸುದ್ದಿಯಾಗಿತ್ತು. ನೆಲ ಗುಡಿಸಲು ಲೇಸರ್ ಸಾಕು.

ದುಡ್ಡು ಕೊಡುವಾಗಿನ ಎಚ್ಚರ ಹೆಚ್ಚೇನಿಲ್ಲ. 60,000 ಎಂಬ ಎಂಆರ್‌ಪಿಗೆ ಅಡ್ಡಗೆರೆ ಎಳೆದು 25,000 ಎಂದು ಬರೆದಿದ್ದರೆ 35,000 ಉಳಿಯಿತು ಎಂದಲ್ಲ. ಆ ವಸ್ತುವಿನ ಬೆಲೆಯೇ 25,000. ‘ನೋ ಕಾಸ್ಟ್ ಇಎಂಐ’ನಲ್ಲಿ ಸಾಮಾನ್ಯವಾಗಿ ಬಡ್ಡಿಯಷ್ಟು ರಿಯಾಯಿತಿ ಮೊದಲೇ ಕೊಟ್ಟು, ಆಮೇಲೆ ಅದೇ ಬಡ್ಡಿ ವಸೂಲು ಮಾಡುತ್ತಾರೆ, ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ, ಪ್ರೊಸೆಸಿಂಗ್ ಶುಲ್ಕ ನಿಮ್ಮ ತಲೆಗೆ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಎಕ್ಸ್‌ಟೆಂಡೆಡ್ ವಾರಂಟಿ ಕೊಳ್ಳುವುದಾದರೆ ಬ್ಯಾಟರಿ ಅದರೊಳಗಿದೆಯೇ ಎಂದು ಓದಿ. ಹೊರಗಿದ್ದರೆ ಆ ದುಡ್ಡನ್ನು ಬ್ಯಾಟರಿಗೇ ಎತ್ತಿಡಿ. ಪೆಟ್ಟಿಗೆಯ ಮೇಲೆ ಆಮದು ಮಾಡಿದವರ ಹೆಸರು, ವಿಳಾಸ, ಫೋನ್ ನಂಬರ್ ಇರಲೇಬೇಕೆಂದು ಕಾನೂನಿದೆ. ಅದರ ಫೋಟೊ ತೆಗೆದು ಬಿಲ್ಲಿನ ಜೊತೆ ಇಟ್ಟುಕೊಳ್ಳಿ. ಯಂತ್ರ ಕೈಕೊಟ್ಟು ಕಂಪನಿಯೂ ಕೈಚೆಲ್ಲಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲೂ ಬಗೆಹರಿಯದಿದ್ದರೆ ಅಂಗಡಿ ಯಾವ ಊರಿನದ್ದೇ ಆಗಿರಲಿ, ನೀವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು; 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ.