ಎಮ್ಮೆಯ ಕೆಚ್ಚಲುಬಾವು ಮತ್ತು ವಂಶವಾಹಿಯ ಗುರುತುಗಳು

ಮಳೆ ಕೈಕೊಟ್ಟ ವರ್ಷದಲ್ಲಿಯೂ ಒಕ್ಕಲಿಗನ ಮನೆಯ ಒಲೆ ಆರದಂತೆ ಕಾಯುವುದು ಕೊಟ್ಟಿಗೆಯ ಎಮ್ಮೆ. ಸೊಲ್ಲಾಪುರ, ಸಾಂಗ್ಲಿ, ಕೊಲ್ಹಾಪುರ ಜಿಲ್ಲೆಗಳ ಪಂಢರಪುರಿ ಎಮ್ಮೆಯನ್ನು, ಖಡ್ಗದಂತೆ ನೀಳವಾದ ಅದರ ಕೊಂಬುಗಳನ್ನು, ಅಕ್ಕಲಕೋಟೆ, ಜತ್ತ ಭಾಗದ ವಿದ್ಯಾರ್ಥಿಗಳು ಕಂಡೇ ಇರುವರು. ಇಂತಹ ಎಮ್ಮೆಗೆ ಕೆಚ್ಚಲುಬಾವು ತಗಲಿದರೆ ಹಾಲು ಕುಗ್ಗುವುದು. ಉಪೇಕ್ಷಿಸಿದರೆ ಕೆಚ್ಚಲಿನ ಒಂದು ಭಾಗವೇ ಶಾಶ್ವತವಾಗಿ ಬತ್ತುವುದೂ ಉಂಟು. ಈ ರೋಗವನ್ನು ತಡೆಯುವ ಶಕ್ತಿ ಹುಟ್ಟಿನಿಂದ ಬರುವುದೇ? ಬರುವುದಾದರೆ ಅದನ್ನು ಕರುವಿನಲ್ಲಿಯೇ ಗುರುತಿಸಬಹುದೇ? ಇದನ್ನು ಇಲ್ಲಿ ವಿವೇಚಿಸೋಣ.

ತೊಟ್ಟಿನ ರಂಧ್ರದ ಮೂಲಕ ಒಳಸೇರುವ ಸ್ಟ್ಯಾಫಿಲೊಕಾಕಸ್, ಸ್ಟ್ರೆಪ್ಟೊಕಾಕಸ್, ಈ. ಕೋಲಿ ಮೊದಲಾದ ಸೂಕ್ಷ್ಮಜೀವಿಗಳೇ ಈ ರೋಗಕ್ಕೆ ಮುಖ್ಯ ಕಾರಣ. ರೋಗವು ಎರಡು ಬಗೆಯದು. ಕೆಚ್ಚಲು ಊದಿ, ಬಿಸಿಯಾಗಿ, ಹಾಲು ಒಡೆದಂತೆ ಕಾಣುವುದು ಪ್ರಕಟ ರೋಗ. ಹೊರಗೆ ಏನೂ ತೋರದೆ, ಹಾಲಿನಲ್ಲಿ ಬಿಳಿಯ ರಕ್ತಕಣಗಳು ಮಾತ್ರ ಹೆಚ್ಚುವುದು ಗುಪ್ತ ರೋಗ. ಇದನ್ನು ಬಯಲಿಗೆಳೆಯಲು 1957ರಲ್ಲಿ ಕ್ಯಾಲಿಫೋರ್ನಿಯದಿಂದ ಒಂದು ಸುಲಭ ಪರೀಕ್ಷೆ ಪ್ರಕಟವಾಯಿತು. ಅದರ ದ್ರಾವಣವನ್ನು ಬೆರೆಸಿದಾಗ ರೋಗದ ಹಾಲು ಗಂಜಿಯಂತೆ ಮಂದವಾಗುವುದು.

ಎಮ್ಮೆಗೆ ನಿಸರ್ಗವೇ ಕೆಲವು ರಕ್ಷಣೆಗಳನ್ನು ಕೊಟ್ಟಿದೆ. ಆಕಳಿಗಿಂತ ಎಮ್ಮೆಯ ತೊಟ್ಟಿನ ತುದಿಯ ಸ್ನಾಯು ಬಿಗಿಯಾದುದು. ಈ ಬಾಗಿಲನ್ನು ದಾಟಿ ಬಂದ ಜೀವಿಗಳನ್ನು ಗುರುತಿಸಲು ದೇಹದಲ್ಲಿ ಕಾವಲುಗಾರರಂತಹ ಸಸಾರಜನಕಗಳಿವೆ. ಈ. ಕೋಲಿಯ ಹೊರಕವಚವನ್ನು ಗುರುತಿಸುವ ಟಿ.ಎಲ್.ಆರ್.-4 ಅವುಗಳಲ್ಲೊಂದು. ಹಾಲಿನಲ್ಲಿರುವ ಲ್ಯಾಕ್ಟೊಫೆರಿನ್ ಕಬ್ಬಿಣದ ಅಂಶವನ್ನು ತಾನೇ ಹಿಡಿದಿಟ್ಟು, ಜೀವಿಗಳಿಗೆ ಆಹಾರ ಸಿಗದಂತೆ ಮಾಡುವುದು. ಇವೆಲ್ಲವನ್ನೂ ನಿರ್ಮಿಸುವ ಆಜ್ಞೆಗಳು ವಂಶವಾಹಿಗಳಲ್ಲಿವೆ.

ವಂಶವಾಹಿಯು ಡಿ.ಎನ್.ಎ. ಎಂಬ ಎಳೆಯಲ್ಲಿ ನಾಲ್ಕೇ ಅಕ್ಷರಗಳಿಂದ ಬರೆದ ಲಿಪಿಯೆಂದು ಭಾವಿಸಬಹುದು. ಒಂದೇ ಸ್ಥಾನದಲ್ಲಿ ಒಂದು ಎಮ್ಮೆಗೆ ಒಂದಕ್ಷರವೂ ಇನ್ನೊಂದಕ್ಕೆ ಬೇರೊಂದಕ್ಷರವೂ ಇರುವುದುಂಟು. ರೋಗಪೀಡಿತ ಮತ್ತು ನಿರೋಗಿ ಎಮ್ಮೆಗಳನ್ನು ಹೋಲಿಸಿದಾಗ, ಒಂದು ಅಕ್ಷರವು ನಿರೋಗಿಗಳಲ್ಲಿಯೇ ಹೆಚ್ಚಾಗಿ ಕಂಡುಬಂದರೆ ಅದು ಗುರುತೆನಿಸುವುದು. ಭಾರತದ ಮುರ್ರಾ ಎಮ್ಮೆಗಳಲ್ಲಿ ಟಿ.ಎಲ್.ಆರ್.-4ರ ಇಂತಹ ಭೇದಗಳನ್ನು ಅಭ್ಯಸಿಸಲಾಗಿದೆ. ಆದರೆ ಗುರುತು ಮೈಲಿಗಲ್ಲಿನಂತೆ. ಊರು ಸಮೀಪದಲ್ಲಿದೆಯೆಂದು ಅದು ಸೂಚಿಸುವುದು, ತಾನೇ ಊರಾಗಿರಬೇಕೆಂದಿಲ್ಲ. ಆದುದರಿಂದ ಒಂದು ತಳಿಯ ಗುರುತು ಮತ್ತೊಂದು ತಳಿಗೆ ಒಪ್ಪದಿರಬಹುದು. ಆಕಳಿಗೆ 60 ವರ್ಣತಂತುಗಳು, ನಮ್ಮ ಮುರ್ರಾ, ಪಂಢರಪುರಿಗಳಂತಹ ನದೀತಳಿಯ ಎಮ್ಮೆಗೆ 50. ಆಕಳಿನಲ್ಲಿ ದೊರೆತ ಫಲವನ್ನು ಪರೀಕ್ಷಿಸದೆ ಎಮ್ಮೆಗೆ ಅನ್ವಯಿಸಲಾಗದು.

ಇಷ್ಟು ಶ್ರಮವೇಕೆ? ಕೋಣಕ್ಕೆ ಹಾಲಿನ ಕೆಚ್ಚಲಿಲ್ಲ. ಅದರ ಗುಣವನ್ನು ಹೆಣ್ಣುಮಕ್ಕಳು ಬೆಳೆದು ಈದ ಮೇಲೆಯೇ ತಿಳಿಯಬೇಕು. ಕೃತಕ ಗರ್ಭಧಾರಣೆಯಿಂದ ಒಂದೇ ಕೋಣಕ್ಕೆ ಸಾವಿರಾರು ಕರುಗಳು ಹುಟ್ಟಬಹುದಾದ ಕಾಲದಲ್ಲಿ, ನಂಬತಕ್ಕ ಗುರುತುಗಳಿದ್ದರೆ ಎಳೆಗರುವಿನ ರಕ್ತದಿಂದಲೇ ಆಯ್ಕೆಗೆ ನೆರವು ದೊರೆಯುವುದು. ಹಾಲಿನ ಪ್ರಮಾಣವೊಂದನ್ನೇ ನೋಡಿ ತಳಿ ಆಯ್ದರೆ ಕೆಚ್ಚಲುಬಾವಿಗೆ ಈಡಾಗುವ ಸ್ವಭಾವವೂ ಹೆಚ್ಚುವುದೆಂದು ಹಾಲಿನ ಆಕಳುಗಳಲ್ಲಿ ಕಂಡಿದೆ. ಇದನ್ನರಿತು ನಾರ್ವೆ ದೇಶವು 1978ರಲ್ಲಿಯೇ ಈ ರೋಗದ ದಾಖಲೆಯನ್ನು ಹೋರಿಗಳ ಆಯ್ಕೆಯಲ್ಲಿ ಸೇರಿಸಿತು.

ಆದರೂ ಗುರುತಿನ ಮೇಲೆಯೇ ಭಾರ ಹಾಕಲಾಗದು. ರೋಗನಿರೋಧವು ಅನೇಕ ವಂಶವಾಹಿಗಳ ಸಣ್ಣ ಸಣ್ಣ ಕೊಡುಗೆಗಳ ಮೊತ್ತ. ಆಕಳುಗಳ ಅಧ್ಯಯನಗಳಂತೆ, ಪ್ರಕಟ ರೋಗದ ಏರುಪೇರಿನಲ್ಲಿ ಅನುವಂಶಿಕತೆಯ ಪಾಲು ಸಾಮಾನ್ಯವಾಗಿ ಹತ್ತರಲ್ಲೊಂದನ್ನೂ ಮೀರದು. ಉಳಿದ ಬಹುಪಾಲು ಕೊಟ್ಟಿಗೆಯ ನೆಲ, ಕರೆಯುವವರ ಕೈ, ಮೇವು, ಹವೆಗಳಿಗೆ ಸೇರಿದುದು. ಉತ್ತಮ ವಂಶದ ಎಮ್ಮೆಯನ್ನು ಕೆಸರಿನಲ್ಲಿ ಮಲಗಿಸಿದರೆ ವಂಶವೇನು ಮಾಡೀತು?

ಇಲ್ಲಿಯೇ ವಿದ್ಯಾರ್ಥಿಗಳ ಕರ್ತವ್ಯವೂ ಇದೆ. ಯಾವ ಎಮ್ಮೆ ರೋಗಿ, ಯಾವುದು ನಿರೋಗಿ ಎಂಬ ದಾಖಲೆ ತಪ್ಪಿದರೆ ಪ್ರಯೋಗಶಾಲೆಯ ಗುರುತೂ ತಪ್ಪುವುದು. ಗುಪ್ತರೋಗದ ಎಮ್ಮೆಯನ್ನು ನಿರೋಗಿಯೆಂದು ಎಣಿಸಿದರೆ ಹೋಲಿಕೆಯೇ ಕೆಡುವುದು. ಮನೆಯ ಎಮ್ಮೆ ಈದ ದಿನ, ತಾಯಿ-ತಂದೆಯ ವಿವರ, ನಿತ್ಯದ ಹಾಲು, ಬಾವು ಬಂದ ತೊಟ್ಟು, ಪರೀಕ್ಷೆಯ ಫಲ ಇವನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿರಿ. ಕಲಿತ ಅಕ್ಷರವು ಹೀಗೆ ಕೊಟ್ಟಿಗೆಗೂ ಇಳಿದರೆ, ಹಿರಿಯರ ಅನುಭವವೂ ಇಂದಿನ ವಿಜ್ಞಾನವೂ ಒಂದನ್ನೊಂದು ಪೋಷಿಸುವುವು.